ಕಮರಾ ಮತ್ತು ಕ್ಯಾಮೆರಾ: ಹಳೆಯ ಮನೆ ಛಾಯಾಚಿತ್ರಶಾಲೆಯಾಗುವ ಬಗೆ



ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಕೋಣೆಗೆ ‘ಕಮರಾ’ ಎನ್ನುವ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಉರ್ದು, ಮರಾಠಿಗಳ ನೆರೆಯಲ್ಲಿ ಬೆಳೆದ ಗಡಿಭಾಗದ ಕನ್ನಡಕ್ಕೆ ಅದು ಪರಕೀಯವೇನಲ್ಲ. ಆದರೆ ಆ ಮಾತು ಬಂದ ದಾರಿ ಸ್ವಾರಸ್ಯವಾಗಿದೆ. ಪೋರ್ಚುಗೀಸರು ಕೋಣೆಗೆ ‘ಕಾಮರ’ ಎನ್ನುತ್ತಿದ್ದರು. ಅವರ ಹಡಗುಗಳೊಡನೆ ಆ ಪದ ನಮ್ಮ ದೇಶಕ್ಕೆ ಬಂದು ‘ಕಮರಾ’ ಆಯಿತು. ಅದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ನೀವು ಜೇಬಿನಲ್ಲಿಟ್ಟುಕೊಂಡು ತಿರುಗುವ ಫೋನಿನ ಕ್ಯಾಮೆರಾಕ್ಕೂ ಅದೇ ಮೂಲ. ಕಮರಾ, ಕ್ಯಾಮೆರಾ ಎರಡೂ ಒಂದೇ ತಾಯಿಯ ಮಕ್ಕಳು.

ಕೋಣೆಗೂ ಚಿತ್ರ ತೆಗೆಯುವ ಯಂತ್ರಕ್ಕೂ ಒಂದೇ ಹೆಸರು ಏಕೆ ಬಂತು? ಬೇಸಿಗೆಯ ಮಧ್ಯಾಹ್ನ ಬೀದಿಯ ಕಡೆಗಿರುವ ಒಂದು ಕೋಣೆಯ ಕಿಟಕಿ, ಬಾಗಿಲು ಎಲ್ಲವನ್ನೂ ಭದ್ರವಾಗಿ ಮುಚ್ಚಿ. ಕಿಟಕಿಯ ರಟ್ಟಿನಲ್ಲಿ ಕಡಲೆಕಾಳಿನಷ್ಟು ಒಂದು ತೂತು ಮಾಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಾದರೆ, ಎದುರಿನ ಬಿಳಿ ಗೋಡೆಯ ಮೇಲೆ ಹೊರಗಿನ ಬೀದಿ ತಲೆಕೆಳಗಾಗಿ ಮೂಡುತ್ತದೆ. ಸೈಕಲ್ ಸವಾರ ಮೇಲೆ ಕಾಲು, ಕೆಳಗೆ ತಲೆಯಾಗಿ ಹೋಗುತ್ತಾನೆ. ಬೆಳಕು ನೇರವಾಗಿ ಚಲಿಸುತ್ತದೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪ್ರಯೋಗ ಇಲ್ಲ. ಅರಬ್ ವಿಜ್ಞಾನಿ ಇಬ್ನ್ ಅಲ್ ಹೈಥಮ್ 11ನೆಯ ಶತಮಾನದಲ್ಲೇ ಇದನ್ನು ಪರಿಶೀಲಿಸಿದ್ದ. ಇಟಲಿಯ ಜಾಂಬಟಿಸ್ಟಾ ದೆಲ್ಲಾ ಪೋರ್ತಾ 1558ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿ ಜನಪ್ರಿಯಗೊಳಿಸಿದ. ‘ಕ್ಯಾಮೆರಾ ಅಬ್ಸ್ಕೂರಾ’ ಎಂದರೆ ಕತ್ತಲೆಯ ಕೋಣೆ. ಆ ಕೋಣೆ ಮುಂದೆ ಪೆಟ್ಟಿಗೆಯಾಯಿತು, ಪೆಟ್ಟಿಗೆಯೊಳಗೆ ರಾಸಾಯನಿಕ ಸವರಿದ ತಗಡು ಬಂತು. 1839ರಲ್ಲಿ ಡಾಗೆರ್‌ನ ವಿಧಾನ ಲೋಕಕ್ಕೆ ತಿಳಿದಾಗ ಛಾಯಾಚಿತ್ರಣ ಹುಟ್ಟಿತು ಎನ್ನುತ್ತೇವೆ.

ಇಷ್ಟು ಪೀಠಿಕೆ ಏಕೆಂದರೆ, ದೆಲ್ಲಾ ಪೋರ್ತಾನ ಶತಮಾನದಲ್ಲೇ ಕಟ್ಟಿದ ಒಂದು ಮನೆ ಫ್ರಾನ್ಸಿನಲ್ಲಿ ಈಗ ಛಾಯಾಚಿತ್ರ ಪ್ರದರ್ಶನ ಕೇಂದ್ರವಾಗಿದೆ. ಕೋಣೆಯಿಂದ ಹುಟ್ಟಿದ ಕಲೆ ಮರಳಿ ಕೋಣೆಗೆ ಬಂದು ಸೇರಿದ ಹಾಗೆ. ಅದನ್ನು ನೋಡಿ, ಅಲ್ಲಿಂದ ನಮ್ಮ ಬೀದರ ಜಿಲ್ಲೆಯ ವಾಡೆಗಳಿಗೆ ಬರೋಣ.

ಕಪ್ಪು ಕಲ್ಲಿನ ಮನೆ

ಆ ಊರು ಕ್ಲೆರ್ಮೋಂ-ಫೆರಾಂ, ಫ್ರಾನ್ಸಿನ ನಡುಭಾಗದಲ್ಲಿದೆ. ಗಣಿತ ಓದುವವರಿಗೆ ಪರಿಚಿತನಾದ ಬ್ಲೇಸ್ ಪಾಸ್ಕಲ್ 1623ರಲ್ಲಿ ಹುಟ್ಟಿದ್ದು ಇಲ್ಲೇ. ಊರಿನ ಕೆಥೆಡ್ರಲ್‌ಗೆ ಏರಿ ಹೋಗುವ ಹಳೆಯ ಬೀದಿಯಲ್ಲಿ 16ನೆಯ ಶತಮಾನದ ಒಂದು ಮನೆಯಿದೆ. ಹೆಸರು ‘ಒತೆಲ್ ಫೋಂಫ್ರೆದ್’. ಬರೆಯುವಾಗ ಅದು ನಮ್ಮ ‘ಹೋಟೆಲ್’ ಎಂಬ ಪದವೇ. ಆದರೆ ಅಲ್ಲಿ ಭಜಿ, ಚಹಾ ಹುಡುಕಬೇಡಿ! ಹಳೆಯ ಫ್ರೆಂಚ್ ಬಳಕೆಯಲ್ಲಿ ಊರೊಳಗಿನ ಸಿರಿವಂತರ ದೊಡ್ಡ ಮನೆಗೆ ಆ ಹೆಸರು. ನಮ್ಮಲ್ಲಿ ವಾಡೆ, ಹವೇಲಿ, ದೇವಡಿ ಎನ್ನುವಂತೆ.

ಯುರೋಪಿನ ಪುನರುಜ್ಜೀವನ ಕಾಲದಲ್ಲಿ ಸಿರಿವಂತರ ಮನೆಯ ಕಲ್ಪನೆಯೇ ಬದಲಾಯಿತು. ಅದಕ್ಕೆ ಮೊದಲು ಶ್ರೀಮಂತನ ಮನೆಯೆಂದರೆ ಕೋಟೆಯ ತುಣುಕು: ದಪ್ಪ ಗೋಡೆ, ಚಿಕ್ಕ ಕಿಂಡಿ. ಈಗ ವ್ಯಾಪಾರಿ, ನ್ಯಾಯವಾದಿ, ಅಧಿಕಾರಿ ಇಂಥವರು ಊರ ನಡುವೆ ಮನೆ ಕಟ್ಟಿಸಿದರು. ನಡುವೆ ಅಂಗಳ, ಅಂಗಳಕ್ಕೆ ತೆರೆದ ಕಮಾನಿನ ಮೊಗಸಾಲೆ, ಸುತ್ತಿಕೊಂಡು ಏರುವ ಮೆಟ್ಟಿಲ ಗೋಪುರ, ಎತ್ತರದ ಕಿಟಕಿ. ಕ್ಲೆರ್ಮೋಂ ಊರಿನ ಆ ಮನೆಯೂ ಹೀಗೆಯೇ ಅಂಗಳ, ಮೊಗಸಾಲೆ, ಮೆಟ್ಟಿಲ ಗೋಪುರಗಳಿಂದ ಹೆಸರಾಗಿದೆ. ಊರಿನ ಬಳಿಯ ವೊಲ್ವಿಕ್ ಎಂಬಲ್ಲಿಯ ಕಪ್ಪು ಕಲ್ಲು ಅಲ್ಲಿನ ಕೆಥೆಡ್ರಲ್‌ಗೂ ಹಳೆಯ ಮನೆಗಳಿಗೂ ಒದಗಿದೆ. ಅದು ಜ್ವಾಲಾಮುಖಿಯ ಲಾವಾ ಆರಿ ಆದ ಕಲ್ಲು.

ಇಲ್ಲಿ ನಿಮಗೆ ಏನಾದರೂ ನೆನಪಾಯಿತೆ? ಬಸವಕಲ್ಯಾಣದ ಕೋಟೆಗೆ ಬಳಸಿದ ಕಪ್ಪು ಕಲ್ಲೂ ಲಾವಾ ಆರಿ ಆದದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರುಗಳ ಮೇಲೆ ನಾವು ಕುಳಿತಿದ್ದೇವೆ. ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಕೂಡ ಆ ಲಾವಾ ಶಿಲೆ ಮಳೆ ಬಿಸಿಲಿಗೆ ಮಾಗಿ ಆದದ್ದು. ಕಾಲದಲ್ಲೂ ಹೋಲಿಕೆಯಿದೆ. ಇಟಲಿಯಲ್ಲಿ ಪುನರುಜ್ಜೀವನ ಅರಳುತ್ತಿದ್ದ 1472ರಲ್ಲಿ ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಎದ್ದು ನಿಂತಿತು. ಫೋಂಫ್ರೆದ್ ಮನೆಯ ಶತಮಾನದಲ್ಲೇ ಅಲಿ ಬರೀದ್ ಷಾ ಬೀದರ ಕೋಟೆಯ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಅಲಂಕರಿಸಿದ. ಹಳೆಯ ಮನೆ ಎಂದರೆ ಯುರೋಪಿನದ್ದೇ ಎಂಬ ಸಂಕೋಚ ನಮಗೆ ಬೇಕಿಲ್ಲ.

ಫೋಂಫ್ರೆದ್ ಮನೆಗೆ ಮೂರು ಜನ್ಮಗಳಾಗಿವೆ. ಮೊದಲು ವಾಸದ ಮನೆ. ಬಳಿಕ ಊರಿನ ಇತಿಹಾಸದ ವಸ್ತುಸಂಗ್ರಹಾಲಯ. ಪಾಸ್ಕಲ್ 1642ರಲ್ಲಿ ಕಂಡುಹಿಡಿದ ಲೆಕ್ಕದ ಯಂತ್ರದ ಮಾದರಿಗಳು ಬಹುಕಾಲ ಆ ಸಂಗ್ರಹದಲ್ಲಿದ್ದವು. ಆ ವಸ್ತುಗಳು ಬೇರೆಡೆಗೆ ಹೋದ ಮೇಲೆ ಮನೆ ಖಾಲಿಯಾಯಿತು. ಈ ಶತಮಾನದಲ್ಲಿ ನಗರಾಡಳಿತ ಅದನ್ನು ಛಾಯಾಚಿತ್ರ ಕೇಂದ್ರ ಮಾಡಿತು. ನಡುವಿನ ಖಾಲಿ ದಿನಗಳನ್ನು ಗಮನಿಸಿ. ಮನೆ ಹಾಳಾಗುವುದು ಮುದಿಯಾದುದರಿಂದಲ್ಲ, ಕೆಲಸವಿಲ್ಲದೆ ಉಳಿದುದರಿಂದ. ಬೀಗ ಹಾಕಿದ ಮನೆಯ ಮಾಳಿಗೆ ಒಂದು ಮಳೆಗಾಲಕ್ಕೆ ಸೋರುತ್ತದೆ, ಎರಡನೆಯದಕ್ಕೆ ತೊಲೆ ಕೊಳೆಯುತ್ತದೆ, ಮೂರನೆಯದಕ್ಕೆ ಗೋಡೆಯಲ್ಲಿ ಅರಳಿಯ ಗಿಡ ಹುಟ್ಟುತ್ತದೆ. ಜನ ಓಡಾಡುವ ಮನೆಯಲ್ಲಿ ಸೋರಿದ ದಿನವೇ ಯಾರಾದರೂ ತಲೆಯೆತ್ತಿ ನೋಡುತ್ತಾರೆ.

ಛಾಯಾಚಿತ್ರವೇ ಏಕೆ?

ಹಳೆಯ ಮನೆಗೆ ಕೊಡಬಹುದಾದ ಕೆಲಸಗಳು ಹಲವು: ಗ್ರಂಥಾಲಯ, ಶಾಲೆ, ವಸತಿಗೃಹ, ಬ್ಯಾಂಕು. ಆದರೆ ಪುಸ್ತಕದ ಕಪಾಟುಗಳ ಭಾರಕ್ಕೆ ಹಳೆಯ ಮರದ ಅಟ್ಟ ಬಾಗುತ್ತದೆ. ವಸತಿಗೃಹಕ್ಕೆ ಕೋಣೆಗೊಂದು ಬಚ್ಚಲು, ಗೋಡೆಯೊಳಗೆಲ್ಲ ನೀರಿನ ಕೊಳವೆ ಬೇಕು. ಗಚ್ಚಿನ ಗೋಡೆಗೆ ಅದೇ ವೈರಿ. ಛಾಯಾಚಿತ್ರ ಹಗುರ. ನೀರು ಬೇಡ, ಗೋಡೆ ಒಡೆಯುವುದು ಬೇಡ. ಸಾಮಾನ್ಯ ಛಾಯಾಚಿತ್ರವನ್ನು ಒಂದು ಮೊಳ, ಎರಡು ಮೊಳ ದೂರದಿಂದ ನೋಡಬೇಕು. ಹಾಗಾಗಿ ಅದಕ್ಕೆ ಅರಮನೆಯ ದರ್ಬಾರಿಗಿಂತ ವಾಸದ ಕಮರಾ ಚೆನ್ನಾಗಿ ಒಪ್ಪುತ್ತದೆ.

ಹಾಗೆಂದು ಗೋಡೆಗೆ ಮೊಳೆ ಹೊಡೆದು ಚಿತ್ರ ತೂಗುಹಾಕಿದರೆ ಪ್ರದರ್ಶನ ಕೇಂದ್ರ ಆಗುವುದಿಲ್ಲ. ಛಾಯಾಚಿತ್ರ ಬೆಳಕಿನಿಂದ ಹುಟ್ಟುತ್ತದೆ, ಬೆಳಕಿನಿಂದಲೇ ಸಾಯುತ್ತದೆ. ಇದು ಈ ವಿಷಯದ ತಿರುಳು. ಇಲ್ಲಿ ಸ್ವಲ್ಪ ನಿಧಾನಿಸೋಣ.

ಬೆಳಕಿನ ಪ್ರಮಾಣವನ್ನು ‘ಲಕ್ಸ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳೆಯ ಮತ್ತು ವರ್ಣ ಛಾಯಾಚಿತ್ರಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ವಸ್ತುಸಂಗ್ರಹಾಲಯಗಳ ಸಾಮಾನ್ಯ ನಿಯಮ. ನಮ್ಮ ಬೇಸಿಗೆಯ ನೇರ ಬಿಸಿಲು ಸುಮಾರು 1,00,000 ಲಕ್ಸ್. ಬೆಳಕಿನ ಹಾನಿ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ, ಆದ ಹಾನಿ ಮರಳಿ ಸರಿಯಾಗದು. ಈಗ ಒಂದು ಲೆಕ್ಕ ಮಾಡಿ. ಒಂದು ಚಿತ್ರವನ್ನು 50 ಲಕ್ಸ್ ಬೆಳಕಿನಲ್ಲಿ ದಿನಕ್ಕೆ 8 ಗಂಟೆಯಂತೆ 90 ದಿನ ಪ್ರದರ್ಶಿಸಿದರೆ ಅದರ ಮೇಲೆ ಬಿದ್ದ ಒಟ್ಟು ಬೆಳಕು 36,000 ಲಕ್ಸ್-ಗಂಟೆ. ಅದೇ ಚಿತ್ರವನ್ನು ಬಿಸಿಲಿಗೆ ಇಟ್ಟರೆ ಅಷ್ಟೇ ಬೆಳಕು ಬೀಳಲು 22 ನಿಮಿಷವೂ ಬೇಡ. ಮೂರು ತಿಂಗಳ ಆಯುಷ್ಯ 22 ನಿಮಿಷಗಳಲ್ಲಿ ಮುಗಿಯಿತು! ಕಿಟಕಿಯ ಎದುರು ಗೋಡೆಯಲ್ಲಿ ವರ್ಷಗಟ್ಟಲೆ ನೇತಾಡಿದ ಮದುವೆಯ ಫೋಟೋದಲ್ಲಿ ಸೀರೆಯ ಬಣ್ಣ ಹಾರಿ ಎಲ್ಲರೂ ತಿಳಿಗುಲಾಬಿಯಾಗಿ ಕಾಣುವುದು ಇದರಿಂದಲೇ.

ಪುನರುಜ್ಜೀವನ ಕಾಲದ ಮನೆಯ ಹೆಮ್ಮೆಯೇ ಅದರ ಎತ್ತರದ ಕಿಟಕಿ. ಛಾಯಾಚಿತ್ರ ಬಂದ ಕೂಡಲೇ ಆ ಕಿಟಕಿಗಳಿಗೆ ಪರದೆ ಬೀಳಬೇಕು, ಅತಿನೇರಳೆ ಕಿರಣ ತಡೆಯುವ ಹಾಳೆ ಅಂಟಿಸಬೇಕು. ಮನೆಯ ಸೊಗಸನ್ನು ಮುಚ್ಚಿ ಚಿತ್ರವನ್ನು ಉಳಿಸಬೇಕೆ, ಚಿತ್ರವನ್ನು ಬಲಿಕೊಟ್ಟು ಮನೆಯನ್ನು ಮೆರೆಸಬೇಕೆ ಎಂಬ ಜಗಳ ಇಂಥ ಎಲ್ಲ ಕಡೆಗಳಲ್ಲೂ ಇದೆ. ಅನುಭವಸ್ಥರು ಕಂಡುಕೊಂಡ ಉಪಾಯ ಸರಳ: ಮೆಟ್ಟಿಲು, ಅಂಗಳ, ಮೊಗಸಾಲೆಗಳನ್ನು ಬೆಳಕಿಗೆ ಬಿಟ್ಟು, ಒಳಕೋಣೆಗಳನ್ನು ಚಿತ್ರಕ್ಕೆ ಕೊಡುವುದು. ನೋಡುವವನ ಕಣ್ಣಿಗೂ ಇದು ಹಿತ. ಬಿಸಿಲಿನಿಂದ ನೇರವಾಗಿ 50 ಲಕ್ಸ್ ಕೋಣೆಗೆ ಬಂದವನಿಗೆ ಏನೂ ಕಾಣುವುದಿಲ್ಲ. ಮೊಗಸಾಲೆಯ ನೆರಳಿನಲ್ಲಿ ನಾಲ್ಕು ಹೆಜ್ಜೆ ನಡೆದು ಬಂದರೆ ಕಣ್ಣು ಹದಕ್ಕೆ ಬರುತ್ತದೆ.

ಎರಡನೆಯ ವೈರಿ ತೇವ. ಹಳೆಯ ಕಪ್ಪುಬಿಳುಪು ಛಾಯಾಚಿತ್ರದಲ್ಲಿ ಬೆಳ್ಳಿಯ ಕಣಗಳನ್ನು ಕಾಗದಕ್ಕೆ ಹಿಡಿದಿಡುವುದು ಜೆಲಟಿನ್ ಎಂಬ ಅಂಟು. ಅದನ್ನು ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆಯುತ್ತಾರೆ. ಮಳೆಗಾಲದಲ್ಲಿ ಅದು ತೇವ ಹೀರಿ ಉಬ್ಬುತ್ತದೆ, ಬೂಷ್ಟು ಅದನ್ನು ತಿನ್ನುತ್ತದೆ, ಚೌಕಟ್ಟಿನ ಗಾಜಿಗೆ ಅದು ಅಂಟಿಕೊಳ್ಳುತ್ತದೆ. ಹೀಗೆ ಅಂಟಿದ ಒಂದು ಫೋಟೋವನ್ನು ಚಿಕ್ಕಂದಿನಲ್ಲಿ ನಾನು ಗಾಜಿನಿಂದ ಬಿಡಿಸಲು ಹೋಗಿ, ಮುಖವೆಲ್ಲ ಗಾಜಿನಲ್ಲೇ ಉಳಿದು ಖಾಲಿ ಕಾಗದ ಕೈಗೆ ಬಂದದ್ದನ್ನು ಮರೆತಿಲ್ಲ. ಅದಕ್ಕಾಗಿಯೇ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಇಟ್ಟು ಗಾಳಿಗೆ ಜಾಗ ಬಿಡುತ್ತಾರೆ. ಗಾಳಿಯ ತೇವಾಂಶ ಶೇಕಡಾ 30ರಿಂದ 50ರೊಳಗೆ ಇದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯವಾದದ್ದು ಅದು ದಿನಕ್ಕೊಂದು ಬಗೆಯಾಗಿ ಏರಿಳಿಯದಿರುವುದು. ಈ ವಿಷಯದಲ್ಲಿ ಹಳೆಯ ಮನೆಯೇ ಉಪಕಾರಿ. ಎರಡು, ಮೂರು ಅಡಿ ದಪ್ಪದ ಮಣ್ಣಿನ ಅಥವಾ ಕಲ್ಲಿನ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಹೀರಿ ನಿಧಾನವಾಗಿ ಬಿಡುತ್ತದೆ. ಸಿಮೆಂಟಿನ ತೆಳು ಗೋಡೆಯ ಕೋಣೆ ಮೇ ತಿಂಗಳಲ್ಲಿ ಹೇಗೆ ಕುದಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಅದೇ ಹಳೆಯ ಗೋಡೆಗೆ ಯಾರಾದರೂ ಸಿಮೆಂಟಿನ ಗಿಲಾವು ಬಳಿದರೆ ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಗೋಡೆ ಒಳಗಿಂದಲೇ ಕೊಳೆಯುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಮದ್ದು.

ಇನ್ನು ಮೊಳೆ. ಹಳೆಯ ಗೋಡೆಗೆ ಮೊಳೆ ಹೊಡೆಯದೆ, ಮೇಲೆ ಒಂದು ಪಟ್ಟಿ ಕಟ್ಟಿ ಅದರಿಂದ ತಂತಿಯಲ್ಲಿ ಚಿತ್ರ ಇಳಿಬಿಡುತ್ತಾರೆ, ಇಲ್ಲವೇ ಗೋಡೆಗೆ ತಾಗದಂತೆ ಮರದ ಹಲಗೆಗಳನ್ನು ನಿಲ್ಲಿಸುತ್ತಾರೆ. ಇಂದು ನಾವು ಸೇರಿಸಿದ್ದನ್ನು ನಾಳಿನವರು ಗಾಯವಾಗದಂತೆ ತೆಗೆಯುವಂತಿರಬೇಕು ಎಂಬುದು ಇದರ ಹಿಂದಿನ ತತ್ವ. ವಿದ್ಯುತ್ ತಂತಿಗಳಿಗೂ ಇದೇ ಮಾತು. ಹಳೆಯ ಮರದ ಮಾಳಿಗೆಯಲ್ಲಿ ಒಂದು ಕಿಡಿ ಸಾಕು.

ನಮ್ಮ ಕಡೆ

ಕಟ್ಟಡದ ಕೆಲಸ ಬದಲಾಗುವುದು ನಮಗೆ ಹೊಸದಲ್ಲ. ಒಂದನೆಯ ಸೋಮೇಶ್ವರ 11ನೆಯ ಶತಮಾನದಲ್ಲಿ ರಾಜಧಾನಿ ಮಾಡಿದ ಕಲ್ಯಾಣದ ಕೋಟೆ ಚಾಲುಕ್ಯರ ನಂತರ ಬಹಮನಿ, ಆದಿಲಶಾಹಿ, ಮೊಗಲರ ಕೈ ದಾಟಿ ನಿಜಾಮರ ಅಧೀನದ ಕಲ್ಯಾಣಿ ನವಾಬರದಾಯಿತು. ಒಳಗೆ ನವಾಬರ ಕಾಲದ ಮಹಲುಗಳಿವೆ. ಇಂದು ಕೋಟೆಯೊಳಗೇ ಒಂದು ವಸ್ತುಸಂಗ್ರಹಾಲಯವಿದೆ. 10, 11ನೆಯ ಶತಮಾನಗಳ ಜೈನ ಶಿಲ್ಪಗಳನ್ನು ಅಲ್ಲಿ ನೋಡಬಹುದು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ ಒಬ್ಬ ಗಣಿ ಉದ್ಯಮಿಯ ಮನೆಯಾಗಿತ್ತು. ಬಹುಕಾಲ ಸರಿಯಾದ ಬಳಕೆಯಿಲ್ಲದೆ ಇದ್ದು 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಬಾಗಿಲು ತೆರೆಯಿತು. ಅಲ್ಲಿ ಹಳೆಯ ಮನೆಯನ್ನು ಉಳಿಸಿಕೊಂಡು ಪಕ್ಕದಲ್ಲಿ ಹೊಸ ಕಟ್ಟಡ ಸೇರಿಸಿದರು. 2023ರಲ್ಲಿ ಅದೇ ನಗರದ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯ ‘ಮ್ಯಾಪ್’ ತೆರೆದಾಗ ಅದಕ್ಕೆಂದೇ ಹೊಸ ಕಟ್ಟಡ ಕಟ್ಟಿದರು. ಎರಡೂ ದಾರಿಗಳಿವೆ. ಹಣ ಕಡಿಮೆ, ಹಳೆಯ ಮನೆ ಹೆಚ್ಚು ಇರುವ ತಾಲೂಕು ಊರಿಗೆ ಮೊದಲನೆಯ ದಾರಿಯೇ ಹತ್ತಿರದ್ದು ಎಂದು ನನಗೆ ತೋರುತ್ತದೆ.

ತೋರಿಸಲು ಚಿತ್ರಗಳೆಲ್ಲಿವೆ ಎಂದು ಕೇಳಬಹುದು. 1948ರವರೆಗೆ ನಮ್ಮ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಭಾರತದ ಛಾಯಾಚಿತ್ರಣದ ದೊಡ್ಡ ಹೆಸರುಗಳಲ್ಲಿ ಒಂದಾದ ರಾಜಾ ದೀನ್ ದಯಾಳ್ (1844–1905) ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಚಿತ್ರಕಾರರಾಗಿದ್ದರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿದ್ದ ಅವರು ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿದರು. ಪರದೆಯ ಹೆಂಗಸರಿಗಾಗಿ 1892ರಲ್ಲಿ ಹೆಂಗಸೊಬ್ಬರೇ ನೋಡಿಕೊಳ್ಳುವ ಬೇರೆ ಸ್ಟುಡಿಯೋ ತೆರೆದರು. ಅವರ 2,857 ಗಾಜಿನ ನೆಗೆಟಿವ್‌ಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಸೇರಿ ಉಳಿದವು. ನಿಜಾಮರ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರಿನ ಸ್ಮಾರಕಗಳ ಗ್ರಂಥದಲ್ಲೂ ಛಾಯಾಚಿತ್ರಗಳ ಪುಟಗಳೇ ಪುಟಗಳು.

ಹಳೆಯ ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ಹಂಪಿ ಸಾಕ್ಷಿ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಯಾವ ಗೋಪುರ ಕುಸಿದಿದೆ, ಯಾವ ಕಂಬ ಕಾಣೆಯಾಗಿದೆ ಎಂದು ಬೆರಳಿಟ್ಟು ತೋರಿಸಬಹುದು.

ನೀವೂ ಇಂಥ ಕೆಲಸಕ್ಕೆ ತೊಡಗಬಹುದು. ಹುಮನಾಬಾದ್ ತಾಲೂಕಿನ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಮಧ್ಯಾಹ್ನ ಎದುರಿನಿಂದ ಫೋಟೋ ತೆಗೆದರೆ ಅಕ್ಷರಗಳು ಚಪ್ಪಟೆಯಾಗಿ ಮಾಯವಾಗುತ್ತವೆ. ಗೋಡೆಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತು ಕಾದು ತೆಗೆದರೆ ಪ್ರತಿ ಅಕ್ಷರದ ಪಕ್ಕದಲ್ಲೂ ಒಂದು ಎಳೆ ನೆರಳು ಕೂತು ಬರೆಹ ಎದ್ದು ಕಾಣುತ್ತದೆ. ಅಲ್ಲಿ ಅಗತ್ಯವಾದದ್ದು ದುಬಾರಿ ಕ್ಯಾಮೆರಾ ಅಲ್ಲ, ಕಾಯುವ ತಾಳ್ಮೆ.

ಆದರೆ ಸ್ಮಾರಕಗಳಿಗೆ ಕಾನೂನಿನ ರಕ್ಷೆಯಿದೆ. ಓಣಿಯ ವಾಡೆಗೆ ಇಲ್ಲ. ಅಣ್ಣತಮ್ಮಂದಿರ ಪಾಲಾಗುತ್ತದೆ, ಒಬ್ಬರು ಹೈದರಾಬಾದಿನಲ್ಲಿ, ಒಬ್ಬರು ಪುಣೆಯಲ್ಲಿ. ಕೆತ್ತನೆಯ ಬಾಗಿಲು, ಸಾಗವಾನಿ ಕಂಬ ಹಳೆಯ ಸಾಮಾನಿನ ವ್ಯಾಪಾರಿಯ ಲಾರಿ ಏರುತ್ತವೆ, ಉಳಿದ ಮಣ್ಣನ್ನು ಟ್ರಾಕ್ಟರ್ ಹೊತ್ತೊಯ್ಯುತ್ತದೆ. ಮನೆಯವರನ್ನು ದೂರಿ ಫಲವಿಲ್ಲ. ಮಾಳಿಗೆಗೆ ಪ್ರತಿ ವರ್ಷ ಹಾಳುಮಣ್ಣು ಹಾಕಿಸುವ ಖರ್ಚನ್ನು, ನೋಡಿ ಹೋಗುವ ನಮ್ಮಂಥವರು ಕೊಡುವುದಿಲ್ಲವಲ್ಲ. ಎಲ್ಲ ವಾಡೆಗಳೂ ಪ್ರದರ್ಶನಶಾಲೆಯಾಗಬೇಕೆಂದೂ ಇಲ್ಲ. ಜನ ಬಾಳುತ್ತಿರುವ ಮನೆ ಬಾಳಿನ ಮನೆಯಾಗಿಯೇ ಇರಲಿ. ಖಾಲಿ ಬಿದ್ದ ಒಂದೆರಡಕ್ಕಾದರೂ ಕೆಲಸ ಸಿಕ್ಕೀತೆ ಎಂಬುದಷ್ಟೇ ಪ್ರಶ್ನೆ. ಉದ್ಘಾಟನೆಯ ಫಲಕ ಹೊಳೆಯುತ್ತಿದ್ದು ಬಾಗಿಲಿಗೆ ಮತ್ತೆ ಬೀಗ ಬಿದ್ದರೆ ಮೊದಲಿನ ಬೀಗಕ್ಕಿಂತ ಅದೇನೂ ಉತ್ತಮವಲ್ಲ.

ವಾಡೆ ಬೀಳುವಾಗ ಅದರ ಜೊತೆಗೇ ಚಿತ್ರಗಳೂ ಹೋಗುತ್ತವೆ. ಪಡಸಾಲೆಯ ತೊಲೆಯ ಕೆಳಗೆ ಸಾಲಾಗಿ, ಮುಂದಕ್ಕೆ ಬಾಗಿಸಿ ತೂಗುಹಾಕಿದ ಹಿರಿಯರ ಫೋಟೋಗಳನ್ನು ನೆನೆಸಿಕೊಳ್ಳಿ. ಯೋಚಿಸಿದರೆ ನಮ್ಮ ವಾಡೆ ಮೊದಲಿನಿಂದಲೂ ಒಂದು ಛಾಯಾಚಿತ್ರಶಾಲೆಯೇ! ಊರಿನ ಹಳೆಯ ಫೋಟೋ ಸ್ಟುಡಿಯೋಗಳ ಕಥೆ ಇನ್ನೂ ಕಷ್ಟದ್ದು. ಡಿಜಿಟಲ್ ಬಂದ ಮೇಲೆ ಎಷ್ಟೋ ಸ್ಟುಡಿಯೋಗಳ ನೆಗೆಟಿವ್‌ಗಳು ಗುಜರಿಗೆ, ಬೆಳ್ಳಿ ತೆಗೆಯುವವರಿಗೆ ಹೋದವು. ಎರಡು ತಲೆಮಾರಿನ ಮದುವೆ, ಜಾತ್ರೆ, ಶಾಲೆಯ ಗುಂಪುಚಿತ್ರಗಳು ಕರಗಿ ಚಿಟಿಕೆ ಬೆಳ್ಳಿಯಾದವು.

ನಿಮ್ಮ ಮನೆಯ ಟ್ರಂಕಿನಲ್ಲಿ ಇರುವುದನ್ನು ಈ ರಜೆಯಲ್ಲಿ ಹೊರತೆಗೆಯಿರಿ. ಕೈ ತೊಳೆದು ಒರೆಸಿಕೊಂಡು, ಚಿತ್ರದ ಅಂಚನ್ನಷ್ಟೇ ಹಿಡಿಯಿರಿ. ಗಾಜಿಗೆ ಅಂಟಿದ್ದನ್ನು ಎಳೆಯಬೇಡಿ. ಗಾಜಿನ ಸಮೇತವೇ ಅದರ ನಕಲು ತೆಗೆದುಕೊಳ್ಳಿ. ಅಂಟು ಹಾಳೆಯ ಆಲ್ಬಮ್‌ನಲ್ಲಿರುವ ಚಿತ್ರ ಸುಲಭವಾಗಿ ಬಿಟ್ಟುಬಂದರೆ ಬಿಡಿಸಿ ಕಾಗದದ ಲಕೋಟೆಗೆ ಹಾಕಿ, ಪ್ಲಾಸ್ಟಿಕ್ ಚೀಲಕ್ಕೆ ಬೇಡ. ಪ್ರದರ್ಶನಕ್ಕೆ ನಕಲು ಸಾಕು, ಮೂಲ ಕತ್ತಲೆಯಲ್ಲಿರಲಿ. ಆಮೇಲೆ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ತೋರಿಸಿ, “ಆಯಿ, ಇವರು ಯಾರು? ಇದು ಯಾವ ಮನಿ?” ಎಂದು ಕೇಳಿ. ಅವರು ಹೇಳಿದ ಹೆಸರು, ಊರು, ವರ್ಷವನ್ನು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂಬದಿಯ ಮುಖದ ಮೇಲೆ ಮೂಡುತ್ತದೆ.